ಜಾಫ್ನಾದ ಅಮ್ಮಾಚ್ಚಿ ಉಣವಗಂ: ರಾಗಿ ಪುಟ್ಟಿಗೆ ನನ್ನ ಪೂರ್ತಿ ಅಂಕ

ಶ್ರೀಲಂಕಾದ ಉತ್ತರಕ್ಕೆ, ಜಾಫ್ನಾ ಕಡೆಗೆ ಹೋಗುವವರು ಯಾರಾದರೂ ಇದ್ದರೆ ಒಂದು ಬೆಳಗಿನ ತಿಂಡಿಯನ್ನು ಅಮ್ಮಾಚ್ಚಿ ಉಣವಗಂ ಎಂಬ ಹೋಟೆಲಿಗೆ ಮೀಸಲಿಡಿ. ಬೆಳಿಗ್ಗೆ ಆಗದಿದ್ದರೆ ಸಂಜೆಯಾದರೂ ಹೋಗಿ. ಪೇಟೆಯಿಂದ ಪಲಾಲಿಗೆ ಹೋಗುವ ರಸ್ತೆಯಲ್ಲಿ ತಿರುನೆಲ್ವೇಲಿ ಎಂಬ ಜಾಗವಿದೆ. ಜಾಫ್ನಾ ವಿಶ್ವವಿದ್ಯಾಲಯವೂ ಆ ಕಡೆಯೇ ಇರುವುದು. ಆಟೋದವರಿಗೆ ‘ಅಮ್ಮಾಚ್ಚಿ’ ಅಂದರೆ ಸಾಕು. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಇತ್ತೀಚಿನ ವರ್ಷಗಳಲ್ಲಿ ನಾನು ಹೊರಗೆ ತಿಂದ ತಿಂಡಿಗಳಲ್ಲಿ ಇದಕ್ಕಿಂತ ಒಳ್ಳೆಯದು ನೆನಪಿಗೆ ಬರುತ್ತಿಲ್ಲ.

ಹೇಳುವವಳು ಯಾರು ಅಂತಲೂ ಗೊತ್ತಾಗಬೇಕಲ್ವಾ? ನಾನು ತುಮಕೂರಿನಲ್ಲಿ ಮೆಸ್ ನಡೆಸುತ್ತೇನೆ. ಬೆಳಿಗ್ಗೆ ರಾಗಿ ರೊಟ್ಟಿ, ಮಧ್ಯಾಹ್ನ ಮುದ್ದೆ ಬಸ್ಸಾರು. ಸ್ತ್ರೀಶಕ್ತಿ ಗುಂಪಿನ ಸಾಲದಲ್ಲಿ ಶುರು ಮಾಡಿದ್ದು. ಈಗ ನನ್ನ ಜೊತೆ ಐದಾರು ಹೆಂಗಸರು ದುಡಿಯುತ್ತಾರೆ. ಮಗಳು ಕೊಲಂಬೊದಲ್ಲಿ ಕೆಲಸದಲ್ಲಿದ್ದಾಳೆ. ಅವಳನ್ನು ನೋಡಲು ಹೋದವಳು ಅಲ್ಲಿಂದ ರೈಲು ಹತ್ತಿ ಜಾಫ್ನಾಕ್ಕೂ ಹೋಗಿ ಬಂದೆ. ಹುಟ್ಟಿ ಬೆಳೆದದ್ದು ಬೆಂಗಳೂರಿನ ಶ್ರೀರಾಮಪುರದಲ್ಲಿ, ಹಾಗಾಗಿ ತಮಿಳು ಮಾತಾಡಲು ಬರುತ್ತದೆ. ಜಾಫ್ನಾದವರ ತಮಿಳು ಬೇರೆ ಥರ, ಆದರೂ ಸುಧಾರಿಸಿಕೊಂಡೆ.

ಯಾವ ಹೋಟೆಲಿಗೆ ಹೋದರೂ ನನ್ನ ಕಣ್ಣು ಮೊದಲು ಅಡುಗೆಮನೆ ಕಡೆ ಹೋಗುತ್ತದೆ. ಪಾತ್ರೆ ಎಲ್ಲಿ ತೊಳೆಯುತ್ತಾರೆ, ಯಾವ ಎಣ್ಣೆ ಹಾಕುತ್ತಾರೆ, ಗಲ್ಲಾದಲ್ಲಿ ಯಾರು ಕೂತಿದ್ದಾರೆ ಅಂತ ನೋಡುತ್ತೇನೆ. ಅಮ್ಮಾಚ್ಚಿಯಲ್ಲಿ ಅಡುಗೆಮನೆ ಹುಡುಕಬೇಕಾಗಿಯೇ ಇಲ್ಲ. ಎಲ್ಲ ಒಲೆಗಳೂ ಕಣ್ಣೆದುರಿಗೇ ಇವೆ. ಉದ್ದಕ್ಕೆ ಸಾಲಾಗಿ ಕೌಂಟರುಗಳು. ಒಂದೊಂದು ಕೌಂಟರಿನ ಹಿಂದೆ ಏಪ್ರನ್ ಕಟ್ಟಿ, ತಲೆಗೆ ಟೋಪಿ ಹಾಕಿದ ಹೆಂಗಸರು. ಒಬ್ಬರು ದೋಸೆ ಹುಯ್ಯುತ್ತಿದ್ದರೆ ಪಕ್ಕದವರು ಇಡಿಯಪ್ಪ ಒತ್ತುತ್ತಾರೆ. ಆಚೆ ವಡೆ ಬೇಯುತ್ತಿರುತ್ತದೆ, ಅದರಾಚೆ ಪುಟ್ಟು. ಗಲ್ಲಾ ಮಾತ್ರ ಎಲ್ಲೂ ಕಾಣಲಿಲ್ಲ. ಯಾರ ಹತ್ತಿರ ತಿಂಡಿ ತಗೊಳ್ಳುತ್ತೀರೋ ಅವರಿಗೇ ದುಡ್ಡು ಕೊಡುತ್ತೀರಿ. ನಾನು ಅಷ್ಟು ಹೊತ್ತು ನಿಂತು ನೋಡಿದ್ದು ಇದನ್ನೇ. ಈ ಹೆಂಗಸರು ಅಲ್ಲಿ ಸಂಬಳಕ್ಕೆ ದುಡಿಯುತ್ತಿಲ್ಲ. ಕೌಂಟರಿನ ವ್ಯಾಪಾರ ಅವರವರದೇ. ದೋಸೆ ಚೆನ್ನಾಗಿದ್ದರೆ ದೋಸೆ ಮಾಡಿದವಳ ಡಬ್ಬಿ ತುಂಬುತ್ತದೆ.

ಕಟ್ಟಡ, ಜಾಗ, ತರಬೇತಿ ಉತ್ತರ ಪ್ರಾಂತ್ಯದ ಕೃಷಿ ಇಲಾಖೆಯದ್ದು. ಕೇಂದ್ರ ಕೃಷಿ ಇಲಾಖೆ ಸಿಂಹಳ ಸೀಮೆಯಲ್ಲಿ ‘ಹೆಲ ಬೊಜುನ್’ ಅಂತ ಇದೇ ಥರದ ತಿಂಡಿ ಮನೆಗಳನ್ನು ಮೊದಲೇ ಶುರು ಮಾಡಿತ್ತು. ಸರ್ಕಾರಕ್ಕೂ ತಮಿಳು ಹುಲಿಗಳಿಗೂ ನಡೆದ ಯುದ್ಧ ಮುಗಿದ ಮೇಲೆ, 2013ರಲ್ಲಿ ಉತ್ತರ ಪ್ರಾಂತ್ಯಕ್ಕೆ ಮೊದಲ ಸಲ ಪ್ರಾಂತೀಯ ಮಂಡಳಿ ಚುನಾವಣೆ ನಡೆಯಿತು. ಆ ಮಂಡಳಿಯ ಕಾಲದಲ್ಲಿ ಅದೇ ಮಾದರಿ ಇಲ್ಲಿಗೆ ಬಂದು ‘ಅಮ್ಮಾಚ್ಚಿ’ ಆಯಿತು. ಜಾಫ್ನಾದಲ್ಲಷ್ಟೇ ಅಲ್ಲ, ಕಿಳಿನೊಚ್ಚಿ, ಮುಲ್ಲೈತೀವು, ಮನ್ನಾರ್, ವವುನಿಯಾದಲ್ಲೂ ಇದೆ. ನಮ್ಮಲ್ಲಿ ಸಂಘದ ಹೆಂಗಸರು ನಡೆಸುವ ‘ಅಕ್ಕ ಕೆಫೆ’ ನೋಡಿದವರಿಗೆ ಈ ಕ್ರಮ ಸುಲಭವಾಗಿ ಅರ್ಥವಾಗುತ್ತದೆ.

ಈಗ ರಾಗಿ ಪುಟ್ಟಿಗೆ ಬರುತ್ತೇನೆ. ಅದಕ್ಕೆ ಅಲ್ಲಿ ಕುರಕ್ಕನ್ ಪುಟ್ಟು ಅನ್ನುತ್ತಾರೆ. ಕುರಕ್ಕನ್ ಅಂದರೆ ನಮ್ಮ ರಾಗಿಯೇ. ಲಂಕಾದಲ್ಲಿ ಸಿಂಹಳೀಯರೂ ತಮಿಳರೂ ಅದಕ್ಕೆ ಇದೇ ಹೆಸರು ಹೇಳುತ್ತಾರೆ. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ಬೆಳೆಯುತ್ತಾರೆ. ಹಿಟ್ಟನ್ನು ಹದವಾಗಿ ಹುರಿದು, ಬಿಸಿ ನೀರು ಚಿಮುಕಿಸಿ, ಡಬ್ಬಿಯ ಅಂಚಿನಿಂದ ಕೊಚ್ಚಿ ಕೊಚ್ಚಿ ಸಣ್ಣ ಕಾಳು ಮಾಡುತ್ತಾರೆ. ಈ ಕೊಚ್ಚುವುದು ಕಲಿಯಬೇಕಾದ ಕೆಲಸ. ನೀರು ಸ್ವಲ್ಪ ಜಾಸ್ತಿಯಾದರೆ ಮುದ್ದೆಯಾಗುತ್ತದೆ, ಕಡಿಮೆಯಾದರೆ ಒಳಗೆ ಹಸಿ ಹಿಟ್ಟು ಉಳಿಯುತ್ತದೆ. ಆಮೇಲೆ ತೆಂಗಿನಕಾಯಿ ತುರಿ ಬೆರೆಸಿ ಹಬೆಯಲ್ಲಿ ಬೇಯಿಸುತ್ತಾರೆ. ಮನೆಗಳಲ್ಲಿ ತಾಳೆಗರಿಯಲ್ಲಿ ಹೆಣೆದ, ತಳ ಚೂಪಾಗಿರುವ ಬುಟ್ಟಿಯಲ್ಲೂ ಬೇಯಿಸುವ ರೂಢಿ ಇದೆ. ಅದಕ್ಕೆ ನೀತ್ತುಪ್ಪೆಟ್ಟಿ ಅನ್ನುತ್ತಾರೆ.

ನನ್ನ ತಟ್ಟೆಗೆ ಬಂದ ಪುಟ್ಟು ಬಿಡಿಬಿಡಿಯಾಗಿತ್ತು. ಒತ್ತಿದರೆ ಮೆತ್ತಗೆ, ಬಿಟ್ಟರೆ ಉದುರು. ರಾಗಿ ಹುರಿದ ಪರಿಮಳ, ಅದರ ಹಿಂದೆಯೇ ಹಸಿ ಕಾಯಿಯ ಸಿಹಿ. ಜೊತೆಗೆ ಸೊದಿ ಅನ್ನುವ ತೆಳ್ಳಗಿನ ಕಾಯಿಹಾಲಿನ ಸಾರು ಹಾಕುತ್ತಾರೆ. ಅರಿಶಿನ, ಮೆಂತ್ಯ, ಹಸಿಮೆಣಸಿನಕಾಯಿ, ಈರುಳ್ಳಿ, ಕೊನೆಗೆ ನಿಂಬೆರಸ. ಅದರ ಪಕ್ಕಕ್ಕೆ ಸಂಬಲ್: ತೆಂಗಿನಕಾಯಿ, ಒಣಮೆಣಸು, ಸಣ್ಣ ಈರುಳ್ಳಿಯನ್ನು ಕುಟ್ಟಿ ಮಾಡಿದ್ದು. ಸಂಬಲ್ ಖಾರ ಅಂದರೆ ನಿಜವಾದ ಖಾರ. ಬ್ಯಾಡಗಿ ಬಣ್ಣಕ್ಕೆ ಒಗ್ಗಿದ ನಾಲಿಗೆಯವರು ಸ್ವಲ್ಪ ಸ್ವಲ್ಪ ಹಚ್ಚಿಕೊಂಡು ತಿನ್ನಿ. ಬರೀ ಸಿಹಿ ಬೇಕಾದವರು ಪುಟ್ಟಿಗೆ ತಾಳೆ ಬೆಲ್ಲ ಕಚ್ಚಿಕೊಂಡು ತಿನ್ನಬಹುದು. ನನಗೆ ಅದೂ ಹಿಡಿಸಿತು. ಆದರೆ ಸೊದಿಯಲ್ಲಿ ನೆನೆದ ರಾಗಿ ಪುಟ್ಟಿನ ರುಚಿಯೇ ಬೇರೆ. ರಾಗಿ ಹಿಟ್ಟನ್ನು ದಿನಾ ಕೈಯಲ್ಲಿ ಹಿಡಿಯುವವಳಾಗಿ ಹೇಳುತ್ತಿದ್ದೇನೆ, ಇದು ಕೈ ಪಳಗಿದವರ ಅಡುಗೆ.

ಇದರ ಹಿಂದಿನ ಕತೆ ಗೊತ್ತಿದ್ದರೆ ತಟ್ಟೆಯಲ್ಲಿರುವುದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಶ್ರೀಲಂಕಾದಲ್ಲಿ ಗೋಧಿ ಬೆಳೆಯುವುದಿಲ್ಲ. ಆದರೂ ಬೆಳಗಿನ ತಿಂಡಿಗೆ, ರಾತ್ರಿಯ ಊಟಕ್ಕೆ ‘ಪಾಣ್’ ಅಂದರೆ ಬ್ರೆಡ್ ತಿನ್ನುವುದು ಅಲ್ಲಿ ಎಲ್ಲ ಕಡೆ ರೂಢಿಯಾಗಿದೆ. ರಾತ್ರಿಯಾದರೆ ಬೀದಿ ಬೀದಿಯಲ್ಲಿ ಮೈದಾ ರೊಟ್ಟಿಯನ್ನು ಟಕಟಕ ಕೊಚ್ಚುವ ಕೊತ್ತು ಅಂಗಡಿಗಳು. ಜಾಫ್ನಾದ ಮನೆಗಳಲ್ಲಿ ದೋಸೆ ಹಿಟ್ಟಿಗೂ ಗೋಧಿ ಹಿಟ್ಟು ಸೇರಿಸುವವರಿದ್ದಾರೆ. ಅಷ್ಟೂ ಗೋಧಿ ಹಡಗಿನಲ್ಲಿ ಬರಬೇಕು, ಅಷ್ಟಕ್ಕೂ ಡಾಲರ್ ಕೊಡಬೇಕು. 2022ರಲ್ಲಿ ದೇಶದ ಬಳಿ ಡಾಲರ್ ಖಾಲಿಯಾಯಿತು. ಏಪ್ರಿಲ್‌ನಲ್ಲಿ ಸರ್ಕಾರವೇ ವಿದೇಶಿ ಸಾಲ ಕಟ್ಟಲಾಗುವುದಿಲ್ಲ ಅಂತ ಕೈಚೆಲ್ಲಿತು. ಒಂದು ಡಾಲರಿಗೆ 200 ರೂಪಾಯಿ ಆಸುಪಾಸು ಇದ್ದದ್ದು 360ಕ್ಕೆ ಹೋಯಿತು. ಅದೇ ಹೊತ್ತಿಗೆ ಉಕ್ರೇನ್ ಯುದ್ಧದಿಂದ ಗೋಧಿಯ ಬೆಲೆಯೂ ಏರಿತ್ತು. ಬ್ರೆಡ್ಡಿನ ಬೆಲೆ ಎರಡು ಪಟ್ಟು ದಾಟಿತು. ಆಗ ಜನ ಮತ್ತೆ ಮರಗೆಣಸು, ರಾಗಿ, ಸೊಪ್ಪು ಅಂತ ಹಿತ್ತಲಿನ ಕಡೆ ನೋಡಿದರು. ಅಮ್ಮಾಚ್ಚಿಯ ಹೆಂಗಸರು ಅಷ್ಟರಲ್ಲಾಗಲೇ ವರ್ಷಗಳಿಂದ ಅದನ್ನೇ ಮಾಡಿ ಮಾರುತ್ತಿದ್ದರು.

ನಾನು ಉಳಿದುಕೊಂಡಿದ್ದ ಹೋಟೆಲಿನಲ್ಲಿ ಬೆಳಗಿನ ತಿಂಡಿಗೆ ಇಟ್ಟಿದ್ದು ಬ್ರೆಡ್, ಹೊರದೇಶದ ಜಾಮ್, ಪೊಟ್ಟಣದ ಜ್ಯೂಸು. ಹೆಸರು ಹೇಳುವುದು ಬೇಡ. ಸುತ್ತ ಮಾವಿನ ತೋಪು, ಬಾಳೆ ತೋಟ ಇರುವ ಊರಿನಲ್ಲಿ ಅದನ್ನು ನೋಡಿ ನನಗೆ ಬೇಜಾರಾಯಿತು. ಮಾರನೆಯ ಬೆಳಿಗ್ಗೆಯಿಂದ ಅಲ್ಲಿ ತಿಂಡಿ ತಿನ್ನಲಿಲ್ಲ.

ಸ್ವಾವಲಂಬನೆ ಅನ್ನುವ ಮಾತು ಈ ಊರಿಗೆ ಹೊಸದಲ್ಲ. ಜಾಫ್ನಾದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಸುಣ್ಣಕಲ್ಲಿನ ನೆಲ, ಬಾವಿ ನೀರು, ಕೆಂಪು ಮಣ್ಣು. ಅಷ್ಟರಲ್ಲೇ ಸಣ್ಣ ಈರುಳ್ಳಿ, ಮೆಣಸಿನಕಾಯಿ, ಹೊಗೆಸೊಪ್ಪು, ದ್ರಾಕ್ಷಿ ಬೆಳೆಯುವ ರೈತರು. 1970ರಿಂದ 77ರವರೆಗೆ ಸಿರಿಮಾವೊ ಬಂಡಾರನಾಯಕೆ ಸರ್ಕಾರ ಹೊರಗಿನ ಮೆಣಸಿನಕಾಯಿ, ಈರುಳ್ಳಿಯನ್ನು ತಡೆದಾಗ ಈ ರೈತರು ಇಡೀ ದೇಶಕ್ಕೆ ಮಾರಿ ಚೆನ್ನಾಗಿ ಬದುಕಿದರು. 1977ರಲ್ಲಿ ಸರ್ಕಾರ ಬದಲಾಗಿ ಬಾಗಿಲು ತೆರೆಯಿತು. ಹೊರಗಿನ ಅಗ್ಗದ ಮಾಲು ಬಂತು, ಇವರ ಬೆಲೆ ಬಿತ್ತು. ಅದರಿಂದ ಚೇತರಿಸಿಕೊಳ್ಳುವ ಮೊದಲೇ 1983 ಬಂತು. ಅಲ್ಲಿಂದ 2009ರ ಮೇ ತಿಂಗಳವರೆಗೆ ಯುದ್ಧ.

ಯುದ್ಧದ ನಡುವೆ, 1990ರ ದಶಕದಲ್ಲಿ, ಈ ಕಡೆಗೆ ಸರಕು ಬಾರದಂತೆ ಸರ್ಕಾರ ತಡೆ ಹಾಕಿತ್ತು. ಪೆಟ್ರೋಲು, ಬ್ಯಾಟರಿ, ಗೊಬ್ಬರ, ಸೋಪು ಇವೆಲ್ಲಕ್ಕೂ ಅಡ್ಡಿ. ಕರೆಂಟ್ ಇಲ್ಲ. ಜನ ಸೀಮೆಎಣ್ಣೆಯಲ್ಲಿ ಮೋಟಾರ್ ಸೈಕಲ್ ಓಡಿಸಿದರು. ಸೈಕಲ್ ತುಳಿದು, ಅದರ ಡೈನಮೋದಿಂದ ರೇಡಿಯೋ ಹಾಕಿ ಸುದ್ದಿ ಕೇಳಿದರು. ಸೋಪಿಲ್ಲದಾಗ ತಾಳೆಹಣ್ಣಿನ ತಿರುಳಿನಲ್ಲಿ ಬಟ್ಟೆ ಒಗೆದರು. ಇದನ್ನೆಲ್ಲ ನನಗೆ ಹೇಳಿದ್ದು ಅಲ್ಲೇ ಪಕ್ಕದ ಬೆಂಚಿನಲ್ಲಿ ಕೂತು ಕೊತ್ತಂಬರಿ ಕಾಫಿ ಕುಡಿಯುತ್ತಿದ್ದ ನಿವೃತ್ತ ಮೇಷ್ಟ್ರು. ಅವರು ಹೆಮ್ಮೆಯಿಂದ ಹೇಳಲಿಲ್ಲ, ದುಃಖದಿಂದಲೂ ಹೇಳಲಿಲ್ಲ. ‘ಆಗ ಮಾಡಿದ್ದು ಬೇರೆ ದಾರಿ ಇಲ್ಲದೆ ಅಮ್ಮ. ಇಲ್ಲಿ ಬಂದು ತಿನ್ನುವುದು ನಾನೇ ಇಷ್ಟಪಟ್ಟು’ ಅಂದರು. ನನಗೆ ಆ ಮಾತು ಬಹಳ ಸರಿ ಅನ್ನಿಸಿತು. ಬಲವಂತಕ್ಕೆ ಹೊಂದಿಕೊಳ್ಳುವುದನ್ನು ನಾವು ದೂರದಿಂದ ನೋಡಿ ಸ್ವಾವಲಂಬನೆ ಅಂತ ಹೊಗಳಬಾರದು.

ಆದೇಶದಿಂದಲೂ ಅದು ಬರುವುದಿಲ್ಲ. 2021ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಇದ್ದಕ್ಕಿದ್ದ ಹಾಗೆ ರಾಸಾಯನಿಕ ಗೊಬ್ಬರ ತರಿಸುವುದನ್ನೇ ನಿಲ್ಲಿಸಿತು. ಇಡೀ ದೇಶ ಸಾವಯವ ಆಗಬೇಕು ಅಂದಿತು. ಗೊಬ್ಬರಕ್ಕೆ ಬದಲಿ ಏನೂ ತಯಾರಿರಲಿಲ್ಲ. ನವೆಂಬರ್ ಹೊತ್ತಿಗೆ ಆದೇಶವನ್ನು ಹಿಂದಕ್ಕೆ ತಗೊಂಡರೂ ಆ ಹಂಗಾಮಿನ ಭತ್ತ ಕೈಕೊಟ್ಟಿತು. ಅಕ್ಕಿಯಲ್ಲಿ ಹೆಚ್ಚುಕಡಿಮೆ ತನ್ನ ಕಾಲ ಮೇಲೆ ನಿಂತಿದ್ದ ದೇಶ ಹೊರಗಿನಿಂದ ಅಕ್ಕಿ ತರಿಸಬೇಕಾಯಿತು. ಸುತ್ತಲೂ ಸಮುದ್ರವಿರುವ ದೇಶ 2025ರ ಶುರುವಿನಲ್ಲಿ ಭಾರತದಿಂದ ಉಪ್ಪು ಕೂಡ ತರಿಸಿತು. ಮಳೆ ಹೆಚ್ಚಾಗಿ ಉಪ್ಪಿನ ಗದ್ದೆಗಳು ಕೆಟ್ಟಿದ್ದವು. ಜಾಫ್ನಾಕ್ಕೆ ಹೋಗುವ ದಾರಿಯಲ್ಲೇ ಆನೈಯಿರವು ಇದೆ, ಹೆಸರುವಾಸಿ ಉಪ್ಪಿನ ಜಾಗ. ದೊಡ್ಡ ಕಾಳಗಗಳು ನಡೆದದ್ದೂ ಅದೇ ಜಾಗದಲ್ಲಿ. ಕಾಂಕೇಶನ್‌ತುರೈ ಸಿಮೆಂಟ್ ಕಾರ್ಖಾನೆ 1990ರಲ್ಲಿ ನಿಂತದ್ದು ಮತ್ತೆ ಮೊದಲಿನಂತೆ ಆಗಲೇ ಇಲ್ಲ. ಇಂಥ ದೊಡ್ಡವು ಏಳುವುದಕ್ಕೆ ಇನ್ನೂ ಕಾಲ ಬೇಕು. ಒಲೆ ಮಾತ್ರ ಬೇಗ ಹಚ್ಚಬಹುದು.

ಇಡಿಯಪ್ಪದ ಕೌಂಟರಿನ ಅಕ್ಕನ ಜೊತೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡಿದೆ. ಜಾಫ್ನಾದಿಂದ ದಕ್ಷಿಣಕ್ಕಿರುವ ವನ್ನಿ ಸೀಮೆಯ ಕಡೆಯವರು. ಕಡೆಯ ಯುದ್ಧದಲ್ಲಿ ಊರು ಬಿಟ್ಟು, ಶಿಬಿರದಲ್ಲಿದ್ದು, ಆಮೇಲೆ ಅಕ್ಕನ ಮನೆ ಇದೆ ಅಂತ ಜಾಫ್ನಾಕ್ಕೆ ಬಂದವರು. ಯುದ್ಧದ ವಿಷಯ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾವು ಮಾತಾಡಿದ್ದು ಪೂರ್ತಿ ವ್ಯಾಪಾರ. ಮೊದಲು ಮನೆಯಲ್ಲೇ ಇಡಿಯಪ್ಪ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದರಂತೆ. ‘ಮಾರಿದಷ್ಟಕ್ಕೆ ದುಡ್ಡು ಕೊಡೋರು ಅಕ್ಕಾ. ಉಳಿದದ್ದನ್ನ ಸಂಜೆ ವಾಪಸ್ ಕೊಡೋರು. ಹಳಸಿದ್ದನ್ನ ನಾನು ಏನು ಮಾಡಲಿ?’ ಅಂದರು. ತುಮಕೂರಿನಲ್ಲಿ ಬೇಕರಿಗಳಿಗೆ ಒಬ್ಬಟ್ಟು ಹಾಕುತ್ತಿದ್ದ ದಿನಗಳಲ್ಲಿ ನನಗೂ ಇದೇ ಆಗಿತ್ತು. ಮಾಲು ನಮ್ಮದು, ಕೆಟ್ಟರೆ ನಷ್ಟವೂ ನಮ್ಮದು, ಲಾಭ ಮಾತ್ರ ಅಂಗಡಿಯವರದು. ಇಲ್ಲಿ ಗಿರಾಕಿ ಎದುರಿಗೇ ಇರುತ್ತಾನೆ. ಎಷ್ಟು ಜನ ಬಂದಿದ್ದಾರೆ ನೋಡಿಕೊಂಡು ಅಷ್ಟೇ ಒತ್ತುತ್ತಾರೆ.

ಸಾಲದ ಮಾತೂ ಬಂತು. ಯುದ್ಧ ಮುಗಿದ ಮೇಲೆ ರಸ್ತೆ ತೆರೆಯಿತು, ರಸ್ತೆಯ ಜೊತೆಗೆ ಕಂತಿನ ಮೇಲೆ ಟಿವಿ, ಬೈಕು ಕೊಡುವವರು ಬಂದರು. ಸಣ್ಣ ಸಾಲದ ಕಂಪನಿಗಳೂ ಬಂದವು. ದುಡಿಯುವ ಗಂಡಸರಿಲ್ಲದ ಮನೆಗಳು ಈ ಸೀಮೆಯಲ್ಲಿ ಬಹಳ. ಆ ಹೆಂಗಸರಿಗೆ ವಾರವಾರ ಕಂತು ಕಟ್ಟುವುದೇ ಬದುಕಾಯಿತು. 2018ರಲ್ಲಿ ಬರಗಾಲದ ಜಿಲ್ಲೆಗಳ ಹೆಂಗಸರ ಒಂದು ಲಕ್ಷ ರೂಪಾಯಿವರೆಗಿನ ಸಾಲ ಮನ್ನಾ ಮಾಡುತ್ತೇವೆ ಅಂತ ಸರ್ಕಾರವೇ ಘೋಷಿಸಬೇಕಾಯಿತು, ಪರಿಸ್ಥಿತಿ ಅಷ್ಟು ಕೆಟ್ಟಿತ್ತು. ಇಡಿಯಪ್ಪದ ಅಕ್ಕ ಈಗ ಅಂಥ ಸಾಲದಲ್ಲಿ ಇಲ್ಲ. ‘ದಿನಾ ಕೈಗೆ ಕಾಸು ಬಂದರೆ ಅವರ ಹತ್ತಿರ ಯಾಕೆ ಹೋಗಲಿ?’ ಅಂದರು. ನನ್ನ ಪ್ರಕಾರ ಈ ಜಾಗದ ದೊಡ್ಡ ಗುಣ ಇದೇ. ದಿನಾ ಕಾಸು, ಅವತ್ತೇ ಕಾಸು. ಸಣ್ಣ ವ್ಯಾಪಾರ ಮಾಡಿದವರಿಗೆ ಇದರ ಬೆಲೆ ಗೊತ್ತು.

ಹಾಗಂತ ಇದರಿಂದ ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಒಂದು ಸಾಲು ಕೌಂಟರುಗಳಲ್ಲಿ ಎಷ್ಟು ಜನ ನಿಲ್ಲಬಹುದು? ಒಂದು ಪ್ರಾಂತ್ಯದ ಹೆಂಗಸರ ಲೆಕ್ಕಕ್ಕೆ ಅದು ತೀರ ಕಡಿಮೆ. ಉತ್ತರದಲ್ಲಿ ಇನ್ನೂ ನೆಲಬಾಂಬ್ ತೆಗೆಯುವ ಕೆಲಸ ಮುಗಿದಿಲ್ಲ. ಸೇನೆ ಹಿಡಿದ ಜಮೀನು ಪೂರ್ತಿ ವಾಪಸ್ ಬಂದಿಲ್ಲ. ಜಮೀನು ಕೈಗೆ ಬಾರದೆ ಬೆಳೆ ಎಲ್ಲಿಂದ ಬರಬೇಕು, ಬೆಳೆ ಇಲ್ಲದೆ ಹೋಟೆಲು ಎಲ್ಲಿಂದ? ಮಾಜಿ ಅಧ್ಯಕ್ಷ ಮಹಿಂದ ರಾಜಪಕ್ಸ ಹೆಗಲಿಗೆ ಹಾಕುವ ಕಂದುಗೆಂಪು ಶಾಲು ರಾಗಿಯ ಬಣ್ಣದ್ದು, ಅವರ ಸೀಮೆಯ ರಾಗಿ ರೈತರ ಗುರುತು ಅಂತ ಮಗಳು ಹೇಳಿದಳು. ದಕ್ಷಿಣದ ಹಂಬಂತೋಟದಲ್ಲೂ ಅದೇ ಬೆಳೆ, ಉತ್ತರದ ವನ್ನಿಯಲ್ಲೂ ಅದೇ ಬೆಳೆ. ಎರಡೂ ಕಡೆಯ ರೈತನಿಗೆ ಒಂದೇ ನೆಮ್ಮದಿ ಸಿಗಬೇಕು ಅಂತ ನಾನು ಮನಸಾರೆ ಬಯಸುತ್ತೇನೆ.

ಮತ್ತೆ ತಿಂಡಿಗೆ ಬರೋಣ. ರಾಗಿ ಪುಟ್ಟು ಬಿಟ್ಟರೆ ಇಡಿಯಪ್ಪ. ನಮ್ಮ ಒತ್ತು ಶಾವಿಗೆಗಿಂತ ಎಳೆ ಸಣ್ಣದು, ಕೆಂಪಕ್ಕಿ ಹಿಟ್ಟಿನದು, ಅಂಗೈಯಗಲದ ಬಿಲ್ಲೆಗಳಾಗಿ ಬರುತ್ತದೆ. ಸೊದಿ ಹುಯ್ದ ಕೂಡಲೇ ತಿನ್ನಬೇಕು, ಇಲ್ಲದಿದ್ದರೆ ಪೂರ್ತಿ ಕರಗಿಹೋಗುತ್ತದೆ. ಉದ್ದಿನ ವಡೆ ಚೆನ್ನಾಗಿತ್ತು, ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಎಳ್ಳುಂಡೆಯನ್ನು ಬಿಡಬೇಡಿ. ಎಳ್ಳನ್ನು ಬೆಲ್ಲದ ಜೊತೆ ಕುಟ್ಟಿ, ಎಣ್ಣೆ ಬಿಡುವವರೆಗೂ ಕುಟ್ಟಿ ಕಟ್ಟಿದ್ದು. ಮಿಕ್ಸಿಯಲ್ಲಿ ಮಾಡಿದ್ದಕ್ಕೆ ಆ ಅಂಟು ಬರುವುದಿಲ್ಲ.

ಒಡಿಯಲ್ ಪುಟ್ಟು ಅಂತ ಇನ್ನೊಂದು ಇದೆ. ತಾಳೆಬೀಜವನ್ನು ಮಣ್ಣಿನಲ್ಲಿ ಹೂತರೆ ಕೆಳಗೆ ಇಳಿಯುವ ಎಳೆ ಗೆಡ್ಡೆಯನ್ನು ಸೀಳಿ, ಬಿಸಿಲಿಗೆ ಒಣಗಿಸಿ, ಹಿಟ್ಟು ಮಾಡುತ್ತಾರೆ. ಆ ಹಿಟ್ಟಿನ ಪುಟ್ಟಿಗೆ ಕೊನೆಯಲ್ಲಿ ಸಣ್ಣ ಕಹಿ. ಮೊದಲ ತುತ್ತಿಗೆ ಮಗಳು ಮುಖ ಹಿಂಡಿದಳು. ನನಗೆ ಮೆಂತ್ಯದ ಮುದ್ದೆ ನೆನಪಾಯಿತು, ಪೂರ್ತಿ ತಿಂದೆ. ತಾಳೆಮರ ಇಲ್ಲಿಯವರಿಗೆ ತೆಂಗಿನ ಹಾಗೆ. ನಾರು, ಗರಿ, ಬೆಲ್ಲ, ಗೆಡ್ಡೆ, ಹಣ್ಣು ಎಲ್ಲವೂ ಬಳಕೆಗೆ. ಯುದ್ಧದಲ್ಲಿ ಲಕ್ಷಗಟ್ಟಲೆ ಮರಗಳನ್ನು ಬಂಕರ್ ಕಟ್ಟಲು ಕಡಿದರು. ಎರಡೂ ಕಡೆಯವರು ಕಡಿದರು. ತಾಳೆ ಬೆಳೆದು ಫಲ ಕೊಡಲು ಹದಿನೈದು ಇಪ್ಪತ್ತು ವರ್ಷವಾದರೂ ಬೇಕು. ಹಾಗಾಗಿ ಒಡಿಯಲ್ ಹಿಟ್ಟಿನ ಪೊಟ್ಟಣ ಎಲ್ಲಿ ಕಂಡರೂ ತಗೊಳ್ಳಿ. ಪೇಟೆಯಲ್ಲಿ ತಾಳೆ ಅಭಿವೃದ್ಧಿ ಮಂಡಳಿಯ ಮಾಲು ಸಿಗುತ್ತದೆ. ಈ ಮಂಡಳಿ 1978ರಿಂದ ಇದೆ. ಗರಿಯ ಪುಟ್ಟ ಬುಟ್ಟಿಯಲ್ಲಿ ಕಟ್ಟಿಟ್ಟ ತಾಳೆಬೆಲ್ಲವನ್ನು ನಾನು ಒಂದಷ್ಟು ತಂದೆ. ಮೆಸ್ಸಿನ ಹೆಂಗಸರಿಗೆ ಬಹಳ ಹಿಡಿಸಿತು.

ಕುಡಿಯಲು ನೆಲ್ಲಿಕಾಯಿ ರಸ, ಬೇಲದ ಹಣ್ಣಿನ ರಸ, ಒಂದೆಲಗದ ಗಂಜಿ, ಶುಂಠಿ ಹಾಕಿದ ಕೊತ್ತಂಬರಿ ಕಾಫಿ. ಬೇಲದ ರಸ ನಮ್ಮ ರಾಮನವಮಿಯ ಪಾನಕದ ದಿನ ಮಾಡುವುದಕ್ಕಿಂತ ಗಟ್ಟಿ. ಬಿಸಿಲಿನಲ್ಲಿ ಹೋದವರಿಗೆ ಅದೊಂದೇ ಸಾಕು. ಬಾಟಲಿ ಸೋಡಾ ಹುಡುಕಬೇಡಿ.

ಖರ್ಚಿನ ವಿಷಯ. ನಾವಿಬ್ಬರು ಹೊಟ್ಟೆ ತುಂಬ ತಿಂದು, ಕುಡಿದು, ಎಳ್ಳುಂಡೆ ಕಟ್ಟಿಸಿಕೊಂಡರೂ ಸಾವಿರ ಲಂಕಾ ರೂಪಾಯಿ ದಾಟಲಿಲ್ಲ. ನಮ್ಮ ದುಡ್ಡಿನಲ್ಲಿ ಮುನ್ನೂರರ ಒಳಗೆ. ಚಿಲ್ಲರೆ ನೋಟು ಇಟ್ಟುಕೊಂಡು ಹೋಗಿ. ಪ್ರತಿ ಕೌಂಟರಿನಲ್ಲೂ ಬೇರೆ ಬೇರೆ ಕೊಡಬೇಕು, ಐದು ಸಾವಿರದ ನೋಟು ತೆಗೆದರೆ ಅವರಿಗೆ ಕಷ್ಟ. ತಿಂಡಿಯೆಲ್ಲ ಸಸ್ಯಾಹಾರ. ಮೀನು, ಏಡಿ ಹಾಕಿದ ಕೂಳ್ ಅನ್ನುವ ಗಟ್ಟಿ ಸಾರು ತಿನ್ನಬೇಕು ಅಂತ ಬಂದವರು ಬೇರೆ ಕಡೆ ಹೋಗಬೇಕು. ಸಂಜೆ ಕಾಲೇಜು ಬಿಟ್ಟ ಮೇಲೆ ಹುಡುಗರು, ಆಫೀಸಿನವರು ತುಂಬಿಕೊಳ್ಳುತ್ತಾರೆ, ಆ ಹೊತ್ತಿಗೆ ಬೇಕಾದ್ದು ಖಾಲಿಯಾಗಿರಬಹುದು. ಬೆಳಿಗ್ಗೆಯೇ ಒಳ್ಳೆಯದು. ಕೂರುವ ಜಾಗ ಸಾದಾ, ಎಸಿ ಗಿಸಿ ಇಲ್ಲ. ನನಗೆ ಬೇಕಾಗಿಯೂ ಇರಲಿಲ್ಲ.

ಹೋಗುವ ದಾರಿ: ಚೆನ್ನೈಯಿಂದ ಜಾಫ್ನಾದ ಪಲಾಲಿಗೆ ನೇರ ವಿಮಾನವಿದೆ. ಪುರುಸೊತ್ತಿದ್ದರೆ ಕೊಲಂಬೊದಿಂದ ‘ಯಾಳ್ ದೇವಿ’ ರೈಲಿನಲ್ಲೇ ಹೋಗಿ. 1990ರಲ್ಲಿ ನಿಂತ ಈ ರೈಲು ಜಾಫ್ನಾಕ್ಕೆ ಮತ್ತೆ ಬಂದದ್ದು 2014ರ ಅಕ್ಟೋಬರಿನಲ್ಲಿ. ಹಳಿಯನ್ನು ಮತ್ತೆ ಹಾಕಿಕೊಟ್ಟದ್ದು ನಮ್ಮ ದೇಶದ ಇರ್ಕಾನ್ ಕಂಪನಿ.

ಕೃಷಿ ಇಲಾಖೆಯವರಿಗೆ ನನ್ನದೊಂದು ಕೋರಿಕೆ ಇದೆ. ಪ್ರತಿ ಕೌಂಟರಿನ ಮೇಲೆ ಆ ಹಿಟ್ಟು, ಆ ಅಕ್ಕಿ ಯಾವ ಊರಿಂದ ಬಂತು ಅಂತ ಒಂದು ಬೋರ್ಡಿನಲ್ಲಿ ಬರೆದು ಹಾಕಿ. ರಾಗಿ ಎಲ್ಲಿಯದು ಅಂತ ನಾನು ಪುಟ್ಟಿನ ಅಕ್ಕನನ್ನು ಕೇಳಿದಾಗ ‘ವನ್ನಿಯದ್ದು’ ಅಂತ ತಟ್ಟನೆ ಹೇಳಿದರು, ಹೇಳುವಾಗ ಮುಖ ಅರಳಿತು. ಕೇಳುವಷ್ಟು ತಮಿಳು ಬಾರದ ಗಿರಾಕಿಗೂ ಅದು ತಿಳಿಯಲಿ. ತಮಿಳು, ಸಿಂಹಳ, ಇಂಗ್ಲಿಷ್ ಮೂರರಲ್ಲೂ ಇರಲಿ. ದಕ್ಷಿಣದಿಂದ ಜಾಫ್ನಾ ಹತ್ತಿರದ ನೈನಾತೀವು ದ್ವೀಪದ ಬುದ್ಧ ವಿಹಾರಕ್ಕೆ, ನಾಗಪೂಷಣಿ ಅಮ್ಮನ ಗುಡಿಗೆ ಬರುವ ಸಿಂಹಳ ಕುಟುಂಬಗಳೂ ಈಗ ಈ ಊರಲ್ಲಿ ಕಾಣುತ್ತವೆ. ಅವರು ಬಂದು ಕುರಕ್ಕನ್ ಪುಟ್ಟು ತಿಂದು, ರಾಗಿ ಬೆಳೆದ ಊರಿನ ಹೆಸರು ಓದಿ ಹೋದರೆ ವನ್ನಿಯ ರೈತನಿಗೂ ನಾಳೆ ಇನ್ನೊಂದು ಮೂಟೆಗೆ ಗಿರಾಕಿ ಸಿಕ್ಕಂತಾಗುತ್ತದೆ.